ಹಾಡು ಹೊರುವ ಎಡಗೈ

ಅಮಾವಾಸ್ಯೆಯ ರಾತ್ರಿ ಊಟ ಮುಗಿಸಿ ಭಜನೆಗೆಂದು ಮಠದ ಕಡೆ ನಡೆಯುವಾಗ ನನಗೆ ಮೊದಲು ಕೇಳಿಸುವುದು ಹಾಡಲ್ಲ. ಎರಡು ಓಣಿ ಈಚೆಗೇ, ಪದದ ಒಂದಕ್ಷರವೂ ತಿಳಿಯದಿರುವಾಗ, ‘ಘುಂ… ಘುಂ’ ಎಂಬ ತಗ್ಗು ದನಿ ಗೋಡೆಗಳನ್ನು ಸುತ್ತಿ ಬಂದು ಎದೆಗೆ ತಾಗುತ್ತದೆ. ಒಂದು ತಿರುವು ದಾಟಿದರೆ ತಾಳದ ಕಿಣಿಕಿಣಿ, ಇನ್ನೊಂದು ದಾಟಿದರೆ ಹಾರ್ಮೋನಿಯಂ ಪೇಟಿಯ ಸ್ವರ, ಕಟ್ಟೆ ಹತ್ತುವ ಹೊತ್ತಿಗೆ ಹಾಡುವವರ ಮಾತು. ಎಲ್ಲರಿಗಿಂತ ಮೊದಲು ಬಂದು ಕರೆದ ಆ ದನಿ ಡಗ್ಗಾದ್ದು. ತಬಲಾ ಜೋಡಿಯಲ್ಲಿ ಎಡಗೈಗೆ ಸಂದ ವಾದ್ಯ ಅದು. ತಗ್ಗು ದನಿಯ ಅಲೆ ಉದ್ದ. ಮೂಲೆ ಮುರುಕುಗಳನ್ನು ಬಳಸಿಕೊಂಡು ಅದು ದೂರ ಹೋಗಬಲ್ಲದು. ಆದರೆ ಮೇಳದ ನಡುವೆ ಹೋಗಿ ಕುಳಿತ ಮೇಲೆ ಅದೇ ದನಿ ಹಾಡಿನೊಳಗೆ ಸೇರಿಹೋಗುತ್ತದೆ. ಆಮೇಲೆ ಅದನ್ನು ಬೇರೆಯಾಗಿ ಕೇಳಬೇಕೆಂದರೆ ಮನಸ್ಸಿಟ್ಟು ಹುಡುಕಬೇಕು.

ಹುನಗುಂದ ಸೀಮೆಯ ಭಜನಾ ಮೇಳವೊಂದರಲ್ಲಿ ನಾನು ಇಪ್ಪತ್ತು ವರ್ಷಗಳಿಂದ ತಬಲಾ ಬಾರಿಸುತ್ತ ಬಂದಿದ್ದೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ. ಮೇಳದ ಉಳಿದವರಿಗೂ ಹಾಗೆಯೇ: ಒಬ್ಬರು ಒಕ್ಕಲುತನದವರು, ಇಬ್ಬರು ನೇಕಾರರು, ಒಬ್ಬರು ಕಿರಾಣಿ ಅಂಗಡಿಯವರು. ಹಾಡುವವರನ್ನು ಹೊಗಳಲು ಊರಿಗೆ ಊರೇ ಇದೆ. ನಾನು ಇಲ್ಲಿ ಹೇಳಹೊರಟಿದ್ದು ಆ ಹಾಡನ್ನು ಕೆಳಗಿನಿಂದ ಹೊತ್ತು ನಿಲ್ಲಿಸುವ ತಗ್ಗು ದನಿಯ ವಿದ್ಯೆಯನ್ನು. ಎಷ್ಟು ಕಲಿತರೂ ಮುಗಿಯದ ವಿದ್ಯೆ ಅದು.

ತಗ್ಗು ದನಿಯವನೊಬ್ಬ ಬೇಕೆಂಬುದು ಎಲ್ಲ ನಾಡಿನ ಸಂಗೀತಕ್ಕೂ ತಿಳಿದ ಮಾತು. ಆರ್ಕೆಸ್ಟ್ರಾಗಳಲ್ಲಿ ಉದ್ದ ಕುತ್ತಿಗೆಯ, ನಾಲ್ಕೇ ದಪ್ಪ ತಂತಿಯ ಬೇಸ್ ಗಿಟಾರ್ ಹಿಡಿದು ಹಿಂದಿನ ಸಾಲಿನಲ್ಲಿ ನಿಂತವನನ್ನು ನೀವು ನೋಡಿರಬಹುದು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ಅದಕ್ಕೂ ಮೊದಲು ಆ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಬೇಸ್ ಹಿಡಿದವನ ಕೆಲಸ ಎರಡು: ಲಯ ಹಿಡಿಯುವುದು, ಹಾಡಿನ ಸ್ವರಕ್ಕೆ ನೆಲ ಒದಗಿಸುವುದು. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಮೇಳಗಳಲ್ಲಿ ಈ ಎರಡನ್ನೂ ಡಗ್ಗಾ ನೋಡಿಕೊಳ್ಳುತ್ತದೆ.

ಡಗ್ಗಾವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಹಿತ್ತಾಳೆ, ತಾಮ್ರ ಇಲ್ಲವೆ ಉಕ್ಕಿನ ಗುಂಡು ಬಟ್ಟಲು. ಹಿಂದೆ ಮಣ್ಣಿನದೂ ಇರುತ್ತಿತ್ತು. ಬಾಯಿಯ ಅಗಲ ಹೆಚ್ಚುಕಡಿಮೆ 9 ಇಂಚು. ಬಟ್ಟಲು ಭಾರವಾಗಿದ್ದಷ್ಟೂ ದನಿ ತುಂಬಿ ಬರುತ್ತದೆ, ಹಗುರಾದದ್ದು ಡಬ್ಬಿಯಂತೆ ನುಡಿಯುತ್ತದೆ. ಬಾಯಿಗೆ ಕಟ್ಟಿದ ಆಡಿನ ತೊಗಲಿನ ಮುಚ್ಚಳಕ್ಕೆ ‘ಪುಡಿ’ ಎನ್ನುತ್ತಾರೆ. ಅದರ ಅಂಚಿನ ಪಟ್ಟಿ ಕಿನಾರ್, ನಡುವಿನ ಬಯಲು ಮೈದಾನ, ಕಪ್ಪನೆಯ ದುಂಡು ಬೊಟ್ಟು ಶಾಯಿ. ಸುತ್ತಲೂ ತೊಗಲಿನಿಂದಲೇ ಹೆಣೆದ ಗಜರಾ ಇರುತ್ತದೆ. ಇಡೀ ವಾದ್ಯ ಬಟ್ಟೆಯ ಸಿಂಬಿಯ ಮೇಲೆ ಕೂರುತ್ತದೆ. ನನ್ನ ಡಗ್ಗಾದ ಸಿಂಬಿಯನ್ನು ನಮ್ಮವ್ವನ ಹಳೆಯ ಇಳಕಲ್ಲ ಸೀರೆ ಹರಿದು ಸುತ್ತಿದ್ದು. ಇಷ್ಟು ವರ್ಷ ಅಷ್ಟು ಭಾರ ಹೊತ್ತರೂ ಅದು ಕುಸಿದಿಲ್ಲ.

ಇಡೀ ಪುಡಿಯಲ್ಲಿ ಹೆಚ್ಚು ಜಾಣತನ ಅಡಗಿರುವುದು ಆ ಶಾಯಿಯಲ್ಲಿ. ಬೇಯಿಸಿದ ಗಂಜಿಯಂಥ ಅಂಟಿಗೆ ಕಬ್ಬಿಣದ ನುಣ್ಣನೆಯ ಪುಡಿ ಕಲಸಿ, ಕೂದಲೆಳೆಯಷ್ಟು ತೆಳುವಾಗಿ ಬಳಿದು, ಕಲ್ಲಿನಿಂದ ಉಜ್ಜಿ, ಒಣಗಿಸಿ, ಮತ್ತೆ ಬಳಿಯುತ್ತಾರೆ. ಹೀಗೆ ಪದರದ ಮೇಲೆ ಪದರ ಏರುತ್ತದೆ. ಉಜ್ಜಿದಾಗ ಅದರಲ್ಲಿ ಕಣ್ಣಿಗೆ ಕಾಣಿಸಿಯೂ ಕಾಣಿಸದಂಥ ಬಿರುಕುಗಳು ಬೀಳುತ್ತವೆ. ಆ ಬಿರುಕುಗಳಿಂದಲೇ ಗಟ್ಟಿ ಶಾಯಿ ತೊಗಲಿನ ಜೊತೆ ಬಾಗಿ ಏಳಬಲ್ಲದು. ಬರೀ ತೊಗಲು ಹೊಡೆದರೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಹೀಗಾಗಿ ಅಲ್ಲಿ ಸದ್ದು ಇರುತ್ತದೆ, ಸ್ವರ ಇರುವುದಿಲ್ಲ. ನಡುವೆ ಭಾರ ಕೂಡಿಸಿದರೆ ಉಪಸ್ವರಗಳು ಸಾಲಾಗಿ ನಿಂತು ಸ್ವರ ಕೇಳಿಸುತ್ತದೆ. ನಮ್ಮ ಚರ್ಮವಾದ್ಯಗಳ ಈ ಗುಟ್ಟನ್ನು 1920ರಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಲೋಕದ ವಿಜ್ಞಾನಿಗಳ ಮುಂದಿಟ್ಟವರು ಸಿ.ವಿ. ರಾಮನ್. ಆಮೇಲೆ ಬೆಂಗಳೂರಿನಲ್ಲಿ ವಿಜ್ಞಾನ ಅಕಾಡೆಮಿ ಕಟ್ಟಿದ ಕಾಲದಲ್ಲಿಯೂ ಅವರು ಇದೇ ವಿಷಯದ ಮೇಲೆ ಬರೆದರು. ಹೆಸರಿಲ್ಲದ ವಾದ್ಯಗಾರರು ಕೈ ಅಂದಾಜಿನಲ್ಲಿ ಕಂಡುಕೊಂಡಿದ್ದನ್ನು ನೊಬೆಲ್ ಪಡೆಯಲಿದ್ದ ವಿಜ್ಞಾನಿ ಗೌರವದಿಂದ ಲೆಕ್ಕ ಹಾಕಿ ತೋರಿಸಿದ್ದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ತಬಲಾದ ಶಾಯಿ ನಟ್ಟನಡುವೆ ಇರುತ್ತದೆ, ಡಗ್ಗಾದ್ದು ಒಂದು ಬದಿಗೆ ಸರಿದಿರುತ್ತದೆ. ಸರಿದು ಬಿಟ್ಟುಕೊಟ್ಟ ಜಾಗದಲ್ಲಿ ಎಡಗೈಯ ಮಣಿಕಟ್ಟಿನ ಬುಡ ಕೂರಬೇಕು. ಅಂಗೈ ಕಮಾನಿನಂತೆ ಏಳಬೇಕು, ತೋರುಬೆರಳು ಮತ್ತು ನಡುಬೆರಳು ಶಾಯಿಯನ್ನು ದಾಟಿ ಆಚೆಯ ಬಯಲಿಗೆ ಬಿದ್ದು, ಬಿದ್ದೊಡನೆ ಎದ್ದುಬಿಡಬೇಕು. ಆಗ ಹುಟ್ಟುವುದು ‘ಗೆ’. ಬೆರಳು ಎರಡು ಕ್ಷಣ ಅಲ್ಲೇ ನಿಂತರೂ ದನಿ ಸಾಯುತ್ತದೆ. ಅಂಗೈಯನ್ನು ಚಪ್ಪಟೆಯಾಗಿ ಒತ್ತಿ ದನಿಯನ್ನು ಅಲ್ಲಿಯೇ ಮುಚ್ಚಿದರೆ ‘ಕ’. ಡಗ್ಗಾದ ಮೂಲಾಕ್ಷರಗಳು ಇವೆರಡೇ.

ಎರಡೇ ಅಕ್ಷರವಾದರೂ ಅದರೊಳಗೆ ಒಂದು ಇಡೀ ಭಾಷೆ ಇದೆ, ಆ ಭಾಷೆ ಮಣಿಕಟ್ಟಿನ ಬುಡದ ಕೈಯಲ್ಲಿದೆ. ‘ಗೆ’ ನುಡಿಸಿ ಮಣಿಕಟ್ಟನ್ನು ಕೊಂಚ ಒತ್ತಿದರೆ ತೊಗಲು ಬಿಗಿದು ಸ್ವರ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಒತ್ತುತ್ತಲೇ ಶಾಯಿಯ ಕಡೆ ಜಾರಿಸಿದರೆ ‘ಘೂಂಽಽ’ ಎಂದು ಸ್ವರ ಏರುತ್ತ ಹೋಗುತ್ತದೆ, ಯಾರೋ ಪ್ರಶ್ನೆ ಕೇಳಿದಂತೆ. ಕೈ ಜಾರಲೆಂದು ಬೆವರಿನ ಅಂಗೈಗೆ ಪೌಡರ್ ಸವರಿಕೊಳ್ಳುವುದು ಇದಕ್ಕಾಗಿಯೇ. 2024ರಲ್ಲಿ ನಮ್ಮನ್ನಗಲಿದ ಉಸ್ತಾದ್ ಜಾಕಿರ್ ಹುಸೇನ್ ಡಗ್ಗಾದ ಮೇಲೆ ಈ ಏರಿಳಿತದಿಂದಲೇ ಧಾಟಿ ನುಡಿಸಿ ತೋರಿಸುತ್ತಿದ್ದರು. ನಮ್ಮ ಭಜನೆಗೆ ಅಷ್ಟು ಬೇಡ. ಹಾಡುವವರು ಪಲ್ಲವಿಗೆ ಮರಳುವ ಹೊತ್ತಿಗೆ ಒಂದೇ ಒಂದು ಜಾರಿಕೆ ಬಿದ್ದರೆ, ಕುಳಿತ ನೂರು ಜನರ ತಲೆ ಒಟ್ಟಿಗೆ ತೂಗುತ್ತದೆ.

ಇನ್ನು ಲಯದ ಮಾತು. ಭಜನಾ ಪದಗಳಲ್ಲಿ ಹೆಚ್ಚಿನವು ಕೂರುವುದು 8 ಮಾತ್ರೆಯ ಕೆಹರವಾದಲ್ಲಿ: ಧಾ ಗೆ ನಾ ತಿ, ನಾ ಕ ಧಿ ನಾ. ‘ಧಾ’, ‘ಧಿ’ ಎಂದಲ್ಲಿ ಎರಡೂ ಕೈ ಕೂಡಿ ಬೀಳುತ್ತವೆ. ‘ನಾ’, ‘ತಿ’ ಎಂದಲ್ಲಿ ಬಲಗೈ ಒಂದೇ. ಎಡಗೈಯ ಲೆಕ್ಕ ಹಿಡಿದು ನೋಡಿ: 1 ಮತ್ತು 2ರಲ್ಲಿ ಡಗ್ಗಾ ತೆರೆದು ನುಡಿಯುತ್ತದೆ, 3, 4, 5ರಲ್ಲಿ ಸುಮ್ಮನಿರುತ್ತದೆ, 6ರಲ್ಲಿ ಮುಚ್ಚಿದ ‘ಕ’, 7ರಲ್ಲಿ ಮತ್ತೆ ತೆರೆದು ನುಡಿದು 8ರಲ್ಲಿ ಸುಮ್ಮನಾಗುತ್ತದೆ. ಅಂದರೆ ಎಂಟರಲ್ಲಿ ಅರ್ಧ ಹೊತ್ತು ಎಡಗೈ ಕಾಯುತ್ತಿರುತ್ತದೆ. 16 ಮಾತ್ರೆಯ ತೀನತಾಳದಲ್ಲಿ ಇದು ಇನ್ನೂ ಸ್ಪಷ್ಟ. 9ನೆಯ ಮಾತ್ರೆಗೆ ‘ಖಾಲಿ’ ಎಂದೇ ಹೆಸರು. 10ರಿಂದ 13ರವರೆಗೆ ಠೇಕಾದಲ್ಲಿ, ಅಂದರೆ ತಾಳದ ಗೊತ್ತಾದ ನುಡಿಗಳ ಸಾಲಿನಲ್ಲಿ, ತಗ್ಗು ದನಿಯೇ ಇಲ್ಲ. ನೆಲ ಜಾರಿದಂತಾಗಿ ಹಾಡು ಗಾಳಿಯಲ್ಲಿ ತೇಲುತ್ತದೆ. 14ಕ್ಕೆ ‘ಧಿಂ’ ಎಂದು ಡಗ್ಗಾ ಮರಳಿದಾಗ, ತಾಳದ ಮೊದಲ ಪೆಟ್ಟಾದ ಸಮ್ ಹತ್ತಿರ ಬಂತು ಎಂದು ತಾಳ ಎಣಿಸಲು ಬಾರದವರಿಗೂ ತಿಳಿಯುತ್ತದೆ. ಸುಮ್ಮನಿರುವುದನ್ನೂ ಲೆಕ್ಕ ಹಾಕಿ ನುಡಿಸಬೇಕು ಎಂಬುದನ್ನು ನಾನು ಕಲಿತದ್ದು ಎಡಗೈಯಿಂದ.

ಕಲಿಕೆ ನಡೆಯುವುದು ಹೇಗೆ? ನಮ್ಮ ಕಡೆ ಹುಡುಗರಿಗೆ ಮೊದಲು ತಬಲಾ ಮುಟ್ಟಗೊಡುವುದಿಲ್ಲ, ತಾಳ ಕೊಡುತ್ತಾರೆ. ಒಂದೆರಡು ವರ್ಷ ಮೇಳದ ಅಂಚಿನಲ್ಲಿ ಕುಳಿತು ತಾಳ ಹಾಕಬೇಕು. ಆ ಹೊತ್ತಿಗೆ ನಿಜಗುಣ ಶಿವಯೋಗಿ, ಸರ್ಪಭೂಷಣರು, ಕಡಕೋಳ ಮಡಿವಾಳಪ್ಪ, ಶಿಶುನಾಳ ಶರೀಫರ ಪದಗಳು ಅರ್ಥ ಆಗಲಿ ಬಿಡಲಿ ಬಾಯಿಗೆ ಬಂದಿರುತ್ತವೆ. ಎಲ್ಲಿ ಹಾಡುವವರು ಉಸಿರು ಎಳೆಯುತ್ತಾರೆ, ಎಲ್ಲಿ ಸಾಲನ್ನು ಮತ್ತೊಮ್ಮೆ ಎತ್ತಿಕೊಳ್ಳುತ್ತಾರೆ ಎಂಬುದು ಮೈಗೆ ಹತ್ತಿರುತ್ತದೆ. ಆಮೇಲೆ ತಬಲಾ. ನನಗೆ ಕೈ ತಿದ್ದಿದವರು ಓಣಿಯ ಹಿರಿಯ ನೇಕಾರರೊಬ್ಬರು, ನಾವೆಲ್ಲ ‘ಮುತ್ಯಾ’ ಎನ್ನುತ್ತಿದ್ದೆವು. ಆರು ತಿಂಗಳು ಎಡಗೈ ಒಂದಕ್ಕೇ ಪಾಠ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ‘ಗೆ ಗೆ ಗೆ ಗೆ’ ಎಂದು ನಿಧಾನಕ್ಕೆ, ಪ್ರತಿ ‘ಗೆ’ಯೂ ಪೂರ್ತಿ ನುಡಿದು ಮುಗಿದ ಮೇಲೆ ಇನ್ನೊಂದು. ಮನೆಯಲ್ಲಿ ವಾದ್ಯ ಇರಲಿಲ್ಲ. ಜೋಳದ ಚೀಲದ ಮೇಲೆ, ಬಸ್ಸಿನಲ್ಲಿ ಹೋಗುವಾಗ ತೊಡೆಯ ಮೇಲೆ ಬೆರಳಾಡಿಸುತ್ತಿದ್ದೆ. ದನಿ ಬರದ ಜಾಗದಲ್ಲಿ ಮಾಡಿದ ಆ ಅಭ್ಯಾಸ ಬೆರಳನ್ನು ಬೇಗ ಎತ್ತುವ ರೂಢಿ ಬೆಳೆಸಿತು.

ಮೊದಲ ಸಲ ಇಡೀ ರಾತ್ರಿಯ ಭಜನೆಗೆ ಕುಳಿತದ್ದು ಶ್ರಾವಣದಲ್ಲಿ. ಮಳೆಗಾಳಿಗೆ ತೊಗಲು ಮೆತ್ತಗಾಗಿ ಡಗ್ಗಾ ಸಪ್ಪಗೆ ನುಡಿಯುತ್ತಿತ್ತು. ದನಿ ಸಾಲದೆಂದು ನಾನು ಬಲವಾಗಿ ಬಾರಿಸುತ್ತ ಹೋದೆ. ಬಲ ಹೆಚ್ಚಿದಂತೆ ಲಯ ಓಡಿತು, ಹಾಡುವವರು ಅದರ ಹಿಂದೆ ಓಡಿ ದಣಿದರು. ನಡುರಾತ್ರಿ ಚಹಾ, ಚುರುಮರಿ ಬಂದಾಗ ಮುತ್ಯಾ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದರು: “ತಮ್ಮಾ, ನೀ ಹಾಡ ಹೊರಾಕ ಕುಂತೀ. ದೂಡಬ್ಯಾಡ.” ಆಮೇಲೆ ಡಗ್ಗಾವನ್ನು ಒಲೆಯ ಬಿಸಿಗೆ ದೂರದಿಂದ ಹಿಡಿದು, ತಿರುಗಿಸುತ್ತ ತಿರುಗಿಸುತ್ತ ಕಾಯಿಸಿ, ಸಿಂಬಿಯ ಮೇಲೆ ಕೂಡ್ರಿಸಿ ಒಂದೇ ಒಂದು ‘ಗೆ’ ನುಡಿಸಿದರು. ಅದು ಕಟ್ಟೆಯ ಕಲ್ಲಿನವರೆಗೂ ಇಳಿಯಿತು. ಬಲ ಹಾಕಿ ಅವರು ಬಾರಿಸಿರಲೇ ಇಲ್ಲ. ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ.

ಮುತ್ಯಾ ನೇಕಾರರಾಗಿದ್ದು ಈ ವಿದ್ಯೆಗೆ ಸಹಾಯವಾಗಿತ್ತೆಂದು ನನ್ನ ಎಣಿಕೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವರಿಗೆ ಕಾಲಿನ ತುಳಿತ, ಲಾಳಿಯ ಓಟ, ಬಡಿತ ಮೂರೂ ಒಂದೇ ಲಯಕ್ಕೆ ಒಗ್ಗಬೇಕು. ಓಡಿದರೆ ಎಳೆ ಹರಿಯುತ್ತದೆ, ತಡೆದರೆ ನೆಯ್ಗೆ ಸಡಿಲಾಗುತ್ತದೆ. ಇಳಕಲ್ಲ ಸೀರೆ ಕಂಡವರೆಲ್ಲ ಹೊಗಳುವುದು ಅದರ ತೋಪು ತೆನೆ ಸೆರಗನ್ನು: ಕೆಂಪು ರೇಷ್ಮೆ, ನಡುವೆ ಬಿಳಿಯ ಪಟ್ಟಿ, ಕೋಟೆಯ ತೆನೆಯಂಥ ಹಲ್ಲು. ಸೆರಗಿನ ರೇಷ್ಮೆ ಹಾಸನ್ನು ಮೈಯ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿ ಗಟ್ಟಿ ಇದ್ದರೆ ಮಾತ್ರ ಸೆರಗು ಹೆಗಲ ಮೇಲೆ ನಿಲ್ಲುತ್ತದೆ. ಹಾಡು ಸೆರಗಾದರೆ ಡಗ್ಗಾ ಅದನ್ನು ಹಿಡಿದ ಹಾಸು.

ಡಗ್ಗಾಕ್ಕೆ ನಮ್ಮ ನೆಲದಲ್ಲಿ ಅಣ್ಣತಮ್ಮಂದಿರೂ ಇದ್ದಾರೆ. ಗೀಗೀ ಮೇಳದಲ್ಲಿ ಮುಂದಾಳು ದಪ್ಪು ಹಿಡಿದರೆ ಹಿಮ್ಮೇಳದವರ ಕೈಯಲ್ಲಿ ತುಂತುಣಿ, ತಾಳ. ಟೊಳ್ಳು ಕಟ್ಟಿಗೆಯ ಸಿಲಿಂಡರು, ಕೆಳಬಾಯಿಗೆ ತೊಗಲು, ತೊಗಲಿನ ನಡುವಿನಿಂದ ಎದ್ದು ಬದಿಯ ಕೋಲಿನ ಬಿರಡೆಗೆ ಸೇರುವ ಒಂದೇ ತಂತಿ, ಮೀಟಲು ಸಣ್ಣ ಚಕ್ಕೆ. ಇಷ್ಟೇ ತುಂತುಣಿ. ಅದರಲ್ಲಿ ಶ್ರುತಿಯೂ ಇದೆ, ಲಯವೂ ಇದೆ. ಎದುರಾಳಿ ಮೇಳಗಳಾದ ಹರದೇಶಿ–ನಾಗೇಶಿಯವರ ಸವಾಲು ಜವಾಬು ಬೆಳಗಿನವರೆಗೆ ನಡೆದಾಗ ವಾದ ಎತ್ತ ಹೋದರೂ ಷಡ್ಜ ತಪ್ಪದಂತೆ ನೋಡಿಕೊಳ್ಳುವುದು ಆ ಒಂದು ತಂತಿ. ರಾಮದುರ್ಗದ ಕಡೆಯ ಹುಲಕುಂದ ಭೀಮಕವಿಗಳು ಸ್ವಾತಂತ್ರ್ಯ ಹೋರಾಟವನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿದ್ದು ಇದೇ ಗೀಗೀ ಪದಗಳಲ್ಲಿ. ಎಲ್ಲಮ್ಮನ ಭಕ್ತರ ಚೌಡಿಕೆಯೂ ಒಂಟಿ ತಂತಿಯದೇ. ಆದರೆ ಅದರ ತಂತಿಯನ್ನು ಎಡಗೈ ಬಿಗಿದಂತೆ, ಸಡಿಲಿಸಿದಂತೆ ದನಿ ಏರಿಳಿಯುತ್ತದೆ. ಡಗ್ಗಾದ ಮೇಲೆ ಮಣಿಕಟ್ಟು ಮಾಡುವ ಕೆಲಸವನ್ನು ಅಲ್ಲಿ ಮುಷ್ಟಿ ಮಾಡುತ್ತದೆ. ಎರಡನ್ನೂ ಬಲ್ಲವರಿಗೆ ಎಡಗೈಯ ಈ ನಂಟು ಕೂಡಲೇ ತಿಳಿಯುತ್ತದೆ.

ಬಯಲಾಟಕ್ಕೆ ಬಂದರೆ, ಶ್ರೀಕೃಷ್ಣ ಪಾರಿಜಾತ ಈ ಭಾಗದ ಮುದ್ದಿನ ಆಟ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಆ ಆಟದಲ್ಲಿ ಭಾಮೆಯ ಮುನಿಸಿಗೂ ಕೊರವಂಜಿಯ ಬಿನ್ನಾಣಕ್ಕೂ ಡಗ್ಗಾದ ನಡೆ ಬೇರೆ ಬೇರೆ. ಬಾದಾಮಿಯ ಬನಶಂಕರಿ ಜಾತ್ರೆ ಬಂತೆಂದರೆ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹೊಡೆಯುತ್ತವೆ. ಇಳಕಲ್ಲ ಬದಿಯ ಕಂದಗಲ್ಲ ಹನುಮಂತರಾಯರು ‘ರಕ್ತರಾತ್ರಿ’ಯಂಥ ನಾಟಕ ಬರೆದ ನೆಲ ಇದು. ಕಂಪನಿಯಲ್ಲಿ ತಬಲಾದವರ ಜಾಗ ರಂಗದ ಮುಂದೆ, ಕಾಲು ಪೇಟಿಯ ಪಕ್ಕ. ಪಾತ್ರಧಾರಿಯ ಕಾಲು ನೆಲಕ್ಕೆ ಬೀಳುವುದಕ್ಕೂ ಡಗ್ಗಾ ನುಡಿಯುವುದಕ್ಕೂ ಕೂದಲೆಳೆಯ ಅಂತರ ಇರಬಾರದು. ನನ್ನ ಕಾಲದ ಎಷ್ಟೋ ಹುಡುಗರು ಟಿಕೆಟ್ ತೆಗೆಸಿ ಮುಂದಿನ ಸಾಲಿನಲ್ಲಿ ಕುಳಿತದ್ದು ಆ ಕೈ ನೋಡಲಿಕ್ಕೆ.

ಇನ್ನೂ ಹಿಂದೆ ಹೋಗಬೇಕೆಂದರೆ ಬಾದಾಮಿಯ ಮೊದಲ ಗುಹೆಗೇ ಹೋಗಬೇಕು. ಹದಿನೆಂಟು ಕೈಯ ನಟರಾಜ ಅಲ್ಲಿ ಕೆಂಪು ಕಲ್ಲಿನಲ್ಲಿ ಕುಣಿಯುತ್ತಿದ್ದಾನೆ. ಅವನ ಬದಿಯಲ್ಲಿ ಗಣಪನಿದ್ದಾನೆ, ಮದ್ದಳೆ ಬಾರಿಸುವವನೂ ಇದ್ದಾನೆ. ಅದೇ ಬೆಟ್ಟದ ಮೂರನೆಯ ಗುಹೆಯ ಶಾಸನ 578ರದು, ಅಷ್ಟು ಹಳೆಯ ಮಾತಿದು. ಚಾಲುಕ್ಯರ ಶಿಲ್ಪಿಗೆ ಕುಣಿತವನ್ನು ಕೆತ್ತುವಾಗ ಲಯ ಕೊಡುವವನನ್ನು ಬಿಟ್ಟು ಕೆತ್ತಲು ಮನಸ್ಸಾಗಲಿಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ತಮ್ಮ ದೇಹವನ್ನೇ ತಂತಿವಾದ್ಯವಾಗಿ ಕಂಡು ವಚನ ಹಾಡಿದ್ದೂ ಇದೇ ನೆಲದಲ್ಲಿ ನೆನೆಯತಕ್ಕದ್ದು. ವಾದ್ಯವನ್ನು ಹೊರಗಿನ ವಸ್ತುವೆಂದು ನಮ್ಮ ಹಿರಿಯರು ನೋಡಲಿಲ್ಲ.

ಕಲಿಯಬೇಕೆನ್ನುವವರಿಗೆ ಒಂದೆರಡು ಅನುಭವದ ಮಾತು. ಡಗ್ಗಾ ಕೊಳ್ಳುವಾಗ ಹೊಳಪು ನೋಡಬೇಡಿ, ಎತ್ತಿ ಭಾರ ನೋಡಿ. ಒಂದು ‘ಗೆ’ ನುಡಿಸಿ ದನಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿ. ಶಾಯಿಯ ಮೇಲೆ ಬೆರಳಾಡಿಸಿದರೆ ಅದು ನುಣುಪಾಗಿರಬೇಕು, ಪುಡಿ ಉದುರಬಾರದು. ತೊಗಲಿನ ಮುಚ್ಚಳವನ್ನು ಬಿಸಿಲಿಗೆ ಬಿಡಬೇಡಿ, ಮಳೆಗಾಲದಲ್ಲಿ ಬಟ್ಟೆ ಸುತ್ತಿಡಿ, ಮೈದಾನದ ಮೇಲೆ ಒದ್ದೆ ಕೈ ಇಡಬೇಡಿ. ಮೇಳದವರಿಗೆ ಇನ್ನೊಂದು ಮಾತು: ಕಂಬಕ್ಕೆ ಕಟ್ಟುವ ಕಹಳೆ ಸ್ಪೀಕರಿಗೆ ತಗ್ಗು ದನಿ ಹೊರಡಿಸುವ ಗಾತ್ರವಿಲ್ಲ. ಹಾಡುವವರ ದನಿ ಮೂರು ಊರಿಗೆ ಕೇಳಿದರೂ ಡಗ್ಗಾ ಅದರಲ್ಲಿ ಇರುವುದೇ ಇಲ್ಲ. ಸಾಧ್ಯವಿದ್ದಲ್ಲಿ ಪೆಟ್ಟಿಗೆ ಸ್ಪೀಕರ್ ಇಡಿ, ಡಗ್ಗಾಕ್ಕೆ ಬೇರೆ ಮೈಕು ಕೊಡಿ, ಅದನ್ನು ತೀರ ಬಾಯಿಗೆ ತಾಗಿಸದೆ ಒಂದು ಗೇಣು ದೂರದಲ್ಲಿ ನಿಲ್ಲಿಸಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಭಜನೆ ಕೇಳುವವರಿಗೂ ಇದೇ ಕೊರತೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದೇ ಪದವನ್ನು ಮತ್ತೊಮ್ಮೆ ಕೇಳಿ, ಕೆಳಗೆ ಒಂದು ನದಿ ಹರಿಯುತ್ತಿದ್ದದ್ದು ಗೊತ್ತಾಗುತ್ತದೆ.

ಗುರುಗಳಿಗೆ ನಮ್ಮ ಕಡೆ ಕೊರತೆ ಇಲ್ಲ. ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಕಟ್ಟಿ ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಉತ್ತರ ಕರ್ನಾಟಕದ ಮಠ ಮಠಗಳಲ್ಲಿ ಇದ್ದಾರೆ. ಅವರಲ್ಲಿ ಕಣ್ಣು ಕಾಣದವರು ಎಷ್ಟೋ ಜನ. ಅವರ ಎಡಗೈ ಕೇಳಿದರೆ, ತೊಗಲಿನ ಬಿಗುವನ್ನು ಬೆರಳು ನೋಡುವುದು ಹೇಗೆಂದು ಅರ್ಥವಾಗುತ್ತದೆ. ಕಡಿಮೆಯಾಗಿರುವುದು ಕಲಿಯಲು ಬರುವ ಹುಡುಗರು. ಗುಂಡಿ ಒತ್ತಿದರೆ ಠೇಕಾ ನುಡಿಸುವ ಪೆಟ್ಟಿಗೆ ಈಗ ಹಲವು ಮೇಳಗಳಿಗೆ ಬಂದಿದೆ. ಅದು ಲಯ ತಪ್ಪುವುದಿಲ್ಲ, ನಿಜ. ಆದರೆ ಹಾಡುವ ಅಜ್ಜನಿಗೆ ಉಸಿರು ಸಾಲದೆ ಒಂದು ಗಳಿಗೆ ತಡವಾದರೆ ಅವನಿಗಾಗಿ ಕಾಯಲು ಅದಕ್ಕೆ ಬಾರದು. ಎಡಗೈಗೆ ಬರುತ್ತದೆ.

ಅದಕ್ಕೇ ಓದುಗರಲ್ಲಿ ನನ್ನದೊಂದು ಬೇಡಿಕೆ. ಬರುವ ಅಮಾವಾಸ್ಯೆಗೆ ನಿಮ್ಮೂರ ಮಠದ ಕಟ್ಟೆಗೆ ಹೋಗಿ, ತಬಲಾ ಬಾರಿಸುವವರ ಎಡಬದಿಗೆ ಕುಳಿತುಕೊಳ್ಳಿ. ಒಂದು ಪದ ಮುಗಿಯುವವರೆಗೆ ಹಾಡಿನ ಮಾತು ಬಿಟ್ಟು ಡಗ್ಗಾ ಒಂದನ್ನೇ ಕೇಳಿ: ಎಲ್ಲಿ ನುಡಿಯಿತು, ಎಲ್ಲಿ ಸುಮ್ಮನಾಯಿತು, ಎಲ್ಲಿ ಮರಳಿತು. ಹೋಗುವಾಗ ಮನೆಯ ಹುಡುಗರನ್ನೂ ಕರೆದುಕೊಂಡು ಹೋಗಿ. ಅವರ ಕೈಗೆ ಒಂದು ಜೋಡಿ ತಾಳ ಕೊಟ್ಟು ಕೂಡ್ರಿಸಿದರೆ ಸಾಕು, ಮುಂದಿನದನ್ನು ಮೇಳದ ಹಿರಿಯರು ನೋಡಿಕೊಳ್ಳುತ್ತಾರೆ.